ಅಕ್ಕಿಯಲ್ಲಿ ಮೂಡಿದ ಸ್ವಸ್ತಿಕ

ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಹನೆ. ಸತ್ತ ಅತ್ತೆ ಬಂದು ಹೆಸರು ಹಿಡಿದು ಕರೆದರು, ದೇವರ ಪಟದಿಂದ ಹೂ ಬಿತ್ತು, ಆ ಹೊತ್ತಿಗೇ ಊರಿನಿಂದ ಫೋನ್ ಬಂತು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ನಾನು ಫಿಸಿಯೋಥೆರಪಿಸ್ಟ್. ಯಾವ ನರ ಕೆಟ್ಟರೆ ಯಾವ ಬೆರಳು ನಿಲ್ಲುತ್ತದೆ ಎಂದು ಓದಿದವಳು, ಆ ಓದಿನಿಂದಲೇ ಕುವೈತಿನಲ್ಲಿ ಹದಿನೇಳು ವರ್ಷಗಳಿಂದ ಅನ್ನ ತಿನ್ನುತ್ತಿರುವವಳು. ಮನುಷ್ಯರ ಕೈ ತಾನಾಗಿ ಏನನ್ನೂ ಮಾಡುವುದಿಲ್ಲ ಎಂಬುದು ನನ್ನ ಪಾಲಿಗೆ ನಂಬಿಕೆಯಲ್ಲ, ದಿನನಿತ್ಯದ ಕೆಲಸ.

ಆದ್ದರಿಂದ ಮುಂದಿನದನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಇದು ನಡೆದದ್ದು ರಾತ್ರಿಯಲ್ಲೂ ಅಲ್ಲ, ಕತ್ತಲೆಯಲ್ಲೂ ಅಲ್ಲ. ಚಳಿಗಾಲದ ಒಂದು ಮಧ್ಯಾಹ್ನ, ಫಿಂಟಾಸಿನ ಒಂದು ಮನೆಯಲ್ಲಿ, ಸಮುದ್ರದ ಕಡೆಯ ದೊಡ್ಡ ಕಿಟಕಿಯಿಂದ ಬಿಸಿಲು ಧಾರಾಳವಾಗಿ ಬೀಳುತ್ತಿದ್ದಾಗ.

ಆಗ ನಾನು ಒಂದು ಖಾಸಗಿ ಕ್ಲಿನಿಕ್ಕಿನ ಪರವಾಗಿ ರೋಗಿಗಳ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತಿದ್ದೆ. ಫಿಂಟಾಸಿನ ಆ ಮನೆಯ ಹಿರಿಯರು ಉಮ್ಮ್ ನಾಸಿರ್, ಅಂದರೆ ನಾಸಿರನ ತಾಯಿ. ಎಂಬತ್ತು ದಾಟಿದ ಹೆಂಗಸು. ಪಾರ್ಶ್ವವಾಯು ಹೊಡೆದು ಎಡಗೈ ಎಡಗಾಲು ಬಿದ್ದಿದ್ದವು, ಮಾತು ಮಾತ್ರ ಸ್ಪಷ್ಟವಾಗಿತ್ತು. ಹೆಸರು ಕೇಳಿದರೆ ಅರಬರೆನಿಸಿದರೂ ಹುಟ್ಟಿನಿಂದ ಅವರು ಪೋಲೆಂಡಿನವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ತಾಯಿಯೊಡನೆ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಓದಲು ಬಂದಿದ್ದ ಕುವೈತಿ ಹುಡುಗನನ್ನು ಮದುವೆಯಾಗಿ, ಇಲ್ಲಿ ಇನ್ನೂ ಎಣ್ಣೆಯ ದುಡ್ಡು ಪೂರಾ ಬೀದಿಗಿಳಿಯದ ಕಾಲದಲ್ಲಿ ಬಂದು ನೆಲೆಸಿದವರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗ ನಾಸಿರ್ ಐವತ್ತರ ಗಂಭೀರ ಮನುಷ್ಯ, ತಾಯಿಯ ಮೇಲೆ ಪ್ರಾಣ.

ಮನೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದವರು ಲೂಸಿಬಾಯಿ. ಉಡುಪಿ ಕಡೆಯ ಕೊಂಕಣಿ ಹೆಂಗಸು, ನನಗಿಂತ ಹತ್ತು ವರ್ಷ ಹಿರಿಯರು. ಇಲ್ಲಿ ಮನೆಯ ಯಜಮಾನಿಯನ್ನು ಕೆಲಸದವರು 'ಮಾಮಾ' ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಮಾಮಾ ನನ್ನನ್ನು 'ಬಿಂತಿ' ಎನ್ನುತ್ತಿದ್ದರು, ಮಗಳೇ ಎಂದು. ನಮ್ಮ ಮಾತು ಇಂಗ್ಲಿಷಿನಲ್ಲಿ. ಅವರ ಎಡಗೈಯನ್ನು ನನ್ನ ಕೈಯಲ್ಲಿ ಹಿಡಿದು ಒಂದೊಂದೇ ಬೆರಳನ್ನು ಬಿಡಿಸುವಾಗ ಅವರು ಹಳೆಯದನ್ನು ಹೇಳುತ್ತಿದ್ದರು. ಹಾಗೆ ಒಂದು ದಿನ ಅವರ ಅಪ್ಪನ ವಿಷಯ ಬಂತು. ಅಪ್ಪ ಹಳ್ಳಿಯ ಶಾಲೆಯ ಮೇಷ್ಟ್ರು. ಇವರಿಗೆ ಐದು ವರ್ಷವಾಗಿದ್ದಾಗ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮೂವರು ಬಂದರಂತೆ. ಅಪ್ಪ ಬಾಯಿಯಲ್ಲಿದ್ದ ತುತ್ತನ್ನು ನುಂಗಿ, ಕೋಟು ಹಾಕಿಕೊಂಡು, ಅವರ ಜೊತೆ ಹೋದವರು ಮತ್ತೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಬಂದವರ ಮುಖ ಅವರಿಗೆ ನೆನಪಿರಲಿಲ್ಲ. ಮೇಜಿನ ಎತ್ತರಕ್ಕೆ ನಿಂತ ಮಗುವಿನ ಕಣ್ಣಿಗೆ ಕಂಡದ್ದು ಒಬ್ಬನ ತೋಳಿನ ಕೆಂಪು ಪಟ್ಟಿ, ಅದರ ಮೇಲಿನ ಕಪ್ಪು ಗುರುತು.

ಅದು ಯಾವ ಗುರುತೆಂದು ನನಗೆ ಗೊತ್ತಿತ್ತು. ಆದರೆ ಅದಕ್ಕೂ ನನ್ನ ಮನೆಯ ಸ್ವಸ್ತಿಕಕ್ಕೂ ಸಂಬಂಧ ಕಲ್ಪಿಸುವ ಯೋಚನೆಯೇ ನನಗೆ ಬರಲಿಲ್ಲ. ನಾವು ಕಾರ್ಕಳದ ಹತ್ತಿರದ ಜೈನರು. ಅಮ್ಮ ದಿನಾ ಬೆಳಿಗ್ಗೆ ಮಿಂದು, ದೇವರ ಮುಂದೆ ಮಣೆಯಿಟ್ಟು, ಅದರ ಮೇಲೆ ಅಕ್ಕಿಯಲ್ಲಿ ಸ್ವಸ್ತಿಕ ಬರೆಯುತ್ತಿದ್ದರು. ನಾಲ್ಕು ತೋಳೆಂದರೆ ನಾಲ್ಕು ಗತಿ: ದೇವತೆ, ಮನುಷ್ಯ, ಪ್ರಾಣಿ, ನರಕ. ಜೀವ ಈ ನಾಲ್ಕರಲ್ಲಿ ಸುತ್ತುತ್ತಿರುತ್ತದೆ. ಮೇಲೆ ಮೂರು ಚುಕ್ಕಿ, ಅದರ ಮೇಲೊಂದು ಅರ್ಧಚಂದ್ರ, ಸುತ್ತಾಟ ಮುಗಿದವರ ಜಾಗ. ನಾನು ಅಕ್ಷರ ಕಲಿಯುವ ಮೊದಲು ಕಲಿತ ಗುರುತು ಅದು.

ಆ ವರ್ಷ ದೀಪಾವಳಿಯ ಮರುದಿನ ಸಾಲ್ಮಿಯಾದ ಅಂಗಡಿಯಿಂದ ಒಂದು ಪೆಟ್ಟಿಗೆ ಸಿಹಿ ಕೊಂಡು ಮಾಮಾನ ಮನೆಗೆ ಹೋದೆ. ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಸ್ವಸ್ತಿಕ ಅಚ್ಚಾಗಿತ್ತು. ಅಂಗಡಿಯವನು ಕೊಟ್ಟ, ನಾನು ತೆಗೆದುಕೊಂಡು ಬಂದೆ. ಪೆಟ್ಟಿಗೆಯನ್ನು ಅವರ ಮಡಿಲಲ್ಲಿಟ್ಟೆ.

ಅವರು ಕೂಗಲಿಲ್ಲ. ಬಲಗೈಯಿಂದ ಕುರ್ಚಿಯ ಹಿಡಿ ಹಿಡಿದು ಹಿಂದಕ್ಕೆ ಸರಿಯುತ್ತಾ ಹೋದರು, ಹಿಂದೆ ಜಾಗವೇ ಇಲ್ಲದಿದ್ದರೂ. ಸ್ವಲ್ಪ ಹೊತ್ತಿನಲ್ಲಿ ಕುರ್ಚಿಯಿಂದ ನೀರು ತೊಟ್ಟಿಕ್ಕಿತು. ಲೂಸಿಬಾಯಿ ಓಡಿಬಂದು ಪೆಟ್ಟಿಗೆ ಎತ್ತಿಕೊಂಡರು.

ಅಂದು ನಾನು ಕ್ಷಮೆ ಕೇಳಿ ಸುಮ್ಮನಾಗಬೇಕಿತ್ತು. ಕ್ಷಮೆಯನ್ನೇನೋ ಕೇಳಿದೆ, ಆದರೆ ಸುಮ್ಮನಾಗಲಿಲ್ಲ. ಎರಡು ದಿನ ಬಿಟ್ಟು ಹೋದಾಗ ನಾನೇ ಮಾತು ತೆಗೆದೆ. ಇದು ಸಾವಿರಾರು ವರ್ಷದ ಗುರುತು, ಸಿಂಧೂ ಕಣಿವೆಯ ಮುದ್ರೆಗಳಲ್ಲಿದೆ, ನಮ್ಮ ಏಳನೆಯ ತೀರ್ಥಂಕರರ ಲಾಂಛನ, ಹೆಸರಿನ ಅರ್ಥವೇ ಒಳ್ಳೆಯದಾಗಲಿ ಎಂದು, ಎಂದೆ. ಗ್ರೀಕರ ಮಡಕೆಗಳ ಮೇಲೂ ಇತ್ತು, ನಿಮ್ಮ ಯುರೋಪಿನಲ್ಲೇ ನೂರು ವರ್ಷದ ಹಿಂದೆ ಜನ ಅದನ್ನು ಅದೃಷ್ಟದ ಗುರುತೆಂದು ಶುಭಾಶಯದ ಕಾರ್ಡುಗಳಲ್ಲಿ ಅಚ್ಚು ಹಾಕಿಸುತ್ತಿದ್ದರು ಎಂದೆ. ಹಳೆಯ ಊರುಗಳ ನೆಲ ಅಗೆದು ಅದನ್ನು ಕಂಡ ಜರ್ಮನ್ ವಿದ್ವಾಂಸರು ತಮ್ಮ ಜನಾಂಗದ್ದೆಂದು ಹಕ್ಕು ಸಾಧಿಸಿದರು, ಆಮೇಲೆ ಬಂದ ಆ ಕೆಂಪು ಪಟ್ಟಿಯವರು ಕದ್ದು ಓರೆಯಾಗಿ ನಿಲ್ಲಿಸಿದರು, ನಮ್ಮದು ನೇರ ನಿಂತದ್ದು ಎಂದೆ. ಇದನ್ನೆಲ್ಲ ನಾನು ಹಿಂದಿನ ರಾತ್ರಿ ಕಂಪ್ಯೂಟರಿನ ಮುಂದೆ ಕೂತು ಓದಿಕೊಂಡಿದ್ದೆ.

ಮಾಮಾ ಕೊನೆಯವರೆಗೂ ಕೇಳಿದರು. "ಐದು ವರ್ಷದ ಮಗುವಿಗೆ ಓರೆ ಯಾವುದು, ನೇರ ಯಾವುದು ಗೊತ್ತಾಗುವುದಿಲ್ಲ, ಬಿಂತಿ" ಎಂದರು.

"ಕಳ್ಳತನ ಮಾಡಿದವರು ಅವರು. ನನ್ನ ಅಮ್ಮ ಯಾಕೆ ನಾಚಬೇಕು?" ಎಂದೆ.

"ನಿನ್ನ ಅಮ್ಮ ನಾಚಬೇಕೆಂದು ನಾನು ಹೇಳಲಿಲ್ಲ. ನನ್ನ ಮನೆಗೆ ತರಬೇಡ, ಅಷ್ಟೇ."

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನನ್ನೊಳಗೆ ಸಿಟ್ಟು ಉಳಿಯಿತು. ಇಡೀ ದಿನ ಒಬ್ಬರಲ್ಲ ಒಬ್ಬರ ಮುಂದೆ ತಗ್ಗಿ ನಡೆಯುವ ಊರಿನಲ್ಲಿ, ಕಡೆಗೆ ಅಮ್ಮನ ಪೂಜೆಯ ಗುರುತಿಗೂ ತಪ್ಪೊಪ್ಪಿಗೆ ಕೊಡಬೇಕೇ ಎನಿಸಿತು. ಆ ಸಿಟ್ಟನ್ನು ಇಟ್ಟುಕೊಂಡೇ ವಾರಕ್ಕೆ ಮೂರು ದಿನ ಅವರ ಕೈ ಹಿಡಿದೆ. ಇದನ್ನು ಮುಚ್ಚಿಡಬಾರದು ಎಂದು ಹೇಳುತ್ತಿದ್ದೇನೆ.

ಸುಮಾರು ಒಂದೂವರೆ ತಿಂಗಳ ನಂತರದ ಮಾತು. ಬೆರಳುಗಳಿಗೆ ಚಲನೆ ತರಿಸಲು ನಾವು ಅಕ್ಕಿ, ಬೇಳೆ, ಗೋಲಿ ಬಳಸುತ್ತೇವೆ. ಅಂದು ನೀಲಿ ಬಣ್ಣದ ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಎರಡು ಹಿಡಿ ಅಕ್ಕಿ ಹರಡಿ ಅವರ ಮುಂದಿನ ಮೇಜಿನ ಮೇಲೆ ಇಟ್ಟಿದ್ದೆ. ಅವರ ಎಡಗೈಯನ್ನು ಅಕ್ಕಿಯ ಮೇಲಿರಿಸಿ, ಮಣಿಕಟ್ಟಿನ ಕೆಳಗೆ ನನ್ನ ಅಂಗೈ ಆನಿಸಿದೆ. ಐದು ತಿಂಗಳ ಪ್ರಯತ್ನದಲ್ಲಿ ಆ ಕೈ ಮುಷ್ಟಿಯಾಗಿ ಸ್ವಲ್ಪ ಮಡಿಚುವುದನ್ನು ಕಲಿತಿತ್ತು. ಬೆರಳು ಬಿಡಿಯಾಗಿ ಆಡುತ್ತಿರಲಿಲ್ಲ. ಹಿಂದಿನ ವಾರವಷ್ಟೇ ವರದಿಯಲ್ಲಿ ಹಾಗೆಂದು ಬರೆದಿದ್ದೆ.

ಮಾಮಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.  ಆಗ ಅವರ ತೋರುಬೆರಳು ಉಳಿದ ಬೆರಳುಗಳಿಂದ ಬೇರೆಯಾಗಿ ಎದ್ದಿತು. ಅದು ಅಕ್ಕಿಯನ್ನು ಬದಿಗೆ ಒತ್ತಿತು, ಮತ್ತೆ ಎಳೆದುಕೊಂಡಿತು. ನನ್ನ ಮೈ ಜುಮ್ಮೆಂದಿತು. ಹೆದರಿಕೆಯಿಂದಲ್ಲ, ಸಂತೋಷದಿಂದ. ಇಂಥ ಒಂದು ಬೆರಳಿಗಾಗಿ ನಮ್ಮ ವೃತ್ತಿಯವರು ತಿಂಗಳುಗಟ್ಟಲೆ ಕಾಯುತ್ತೇವೆ. ಆ ಬೆರಳನ್ನೇ ನೋಡಿದೆ. ಅದು ಏನು ಮಾಡುತ್ತಿದೆ ಎಂಬ ಕಡೆ ಗಮನವೇ ಹೋಗಲಿಲ್ಲ. ಅವಸರವಿಲ್ಲದೆ, ರೂಢಿಯಾದ ಕೆಲಸದಂತೆ ಅದು ಆಡಿತು. ಎಷ್ಟು ಹೊತ್ತೋ ಹೇಳಲಾರೆ. ನಿಂತ ಮೇಲೆ ತಟ್ಟೆ ನೋಡಿದೆ.

ಅಕ್ಕಿಯ ಗೆರೆಗಳಲ್ಲಿ ಸ್ವಸ್ತಿಕ ಇತ್ತು. ಮೇಲೆ ಮೂರು ಪುಟ್ಟ ಗುಡ್ಡೆ, ಅದರ ಮೇಲೆ ಅರ್ಧಚಂದ್ರ. ಇಷ್ಟೇ ಆಗಿದ್ದರೆ, ಸಿಹಿಯ ಪೆಟ್ಟಿಗೆಯ ನೆನಪು ಹೇಗೋ ಬೆರಳಿಗೆ ಇಳಿದಿದೆ ಎಂದು ನನ್ನನ್ನು ನಾನು ಒಪ್ಪಿಸಿಕೊಳ್ಳುತ್ತಿದ್ದೆ. ಆದರೆ ಎಡಕ್ಕೆ ಚಾಚಿದ ತೋಳು ತುದಿಯಲ್ಲಿ ಬಾಗಿರಲಿಲ್ಲ. ನೇರವಾಗಿ ಹೋಗಿ ಹಾಗೇ ನಿಂತಿತ್ತು.

ಅದು ನನ್ನ ಅಮ್ಮನ ಸ್ವಸ್ತಿಕ. ನನಗೆ ಎಂಟು ವರ್ಷವಾಗಿದ್ದಾಗ ಅಣ್ಣ ಮುಂಬಯಿಗೆ ಹೋಟೆಲ್ ಕೆಲಸಕ್ಕೆಂದು ಹೋದ. ಎರಡು ಕಾಗದ ಬಂದವು, ಆಮೇಲೆ ಏನೂ ಇಲ್ಲ. ಅಪ್ಪ ಎರಡು ಸಲ ಹೋಗಿ ಹುಡುಕಿ ಬಂದರು. ಅಂದಿನಿಂದ ಅಮ್ಮ ಎಡಗಡೆಯ ತೋಳನ್ನು ಬಾಗಿಸುವುದನ್ನು ಬಿಟ್ಟರು. ಬಸದಿಯ ಇಂದ್ರರು, ಅಂದರೆ ನಮ್ಮ ಪುರೋಹಿತರು, ಇದು ದೋಷ, ಹೀಗೆ ಬರೆಯಬಾರದು ಎಂದು ಗದರಿದ್ದರು. "ಅವ ಯಾವ ಗತಿಯಲ್ಲಿ ಇದ್ದಾನೆ ಅಂತ ಗೊತ್ತಿಲ್ಲದೆ ನಾನು ಹೇಗೆ ಮುಚ್ಚುದು?" ಎಂದು ಅಮ್ಮ ಮನೆಗೆ ಬಂದು ಅತ್ತಿದ್ದರು. ಆ ಇಂದ್ರರನ್ನು ಬಿಟ್ಟರೆ ಮನೆಯ ಹೊರಗೆ ಇದು ಯಾರಿಗೂ ತಿಳಿಯದು. ಕುವೈತಿನಲ್ಲಿ ನಾನು ಗಂಡನಿಗೂ ಹೇಳಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಮಾಮಾ ತಿರುಗಿ ತಟ್ಟೆ ನೋಡಿದರು. ಈ ಸಲ ಕೂಗಿದರು. ಮೊದಲು ತಮ್ಮ ಭಾಷೆಯಲ್ಲಿ, ಆಮೇಲೆ ಅರೇಬಿಕ್‌ನಲ್ಲಿ ಮಗನನ್ನು ಕರೆದು. ನಾಸಿರ್ ಪಕ್ಕದ ಕೋಣೆಯಿಂದ ಬಂದರು. ಮಾಮಾ ಬಲಗೈ ಎತ್ತಿ ನನ್ನನ್ನು ತೋರಿಸಿದರು. "ಇವಳು ಮಾಡಿದಳು. ನನ್ನ ಕಣ್ಣ ಮುಂದೆ, ತನ್ನ ಬೆರಳಿನಿಂದ. ನಾನು ನೋಡಿದೆ."

ನಾಸಿರ್ ಬಹಳ ಹೊತ್ತು ತಟ್ಟೆ ನೋಡಿದರು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ನಾನು ತೊದಲುತ್ತಾ, ಇದನ್ನು ಬರೆದದ್ದು ಅವರ ಎಡಗೈ, ನನ್ನ ಕೈ ಕೆಳಗಿತ್ತು ಎಂದೆ. ಅವರು ಧ್ವನಿ ಏರಿಸಲಿಲ್ಲ. "ಡಾಕ್ಟರ್, ಆ ಕೈಯ ಬೆರಳು ಆಡುವುದಿಲ್ಲವೆಂದು ಕಳೆದ ವಾರ ನೀವೇ ಬರೆದುಕೊಟ್ಟಿದ್ದೀರಿ" ಎಂದರು.

ಲೂಸಿಬಾಯಿ ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ನಿಂತಿದ್ದರು. ಅವರು ಅಲ್ಲಿಗೆ ಬಂದು ಹೊತ್ತಾಗಿತ್ತು ಎಂದು ನನಗೆ ಗೊತ್ತು, ಕಪ್ಪುಗಳ ಸದ್ದು ಮೊದಲೇ ಕೇಳಿತ್ತು. "ಲೂಸಿಬಾಯಿ, ನೀವು ನೋಡಿದ್ರಿ ಅಲ್ವಾ? ಹೇಳಿ" ಎಂದು ಕನ್ನಡದಲ್ಲಿ ಕೇಳಿದೆ. ಅವರು ನಾಸಿರರ ಮುಖ ನೋಡಿದರು. ಅವರ ಕಫೀಲ್, ಅಂದರೆ ವೀಸಾ ಕೊಡಿಸಿದ ಧಣಿ, ನಾಸಿರರೇ. ಈ ದೇಶದಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಅವರ ಹೆಸರಿನಲ್ಲಿತ್ತು. "ನಾನು ಈಗ ಬಂದದ್ದು ಡಾಕ್ಟ್ರೇ" ಎಂದರು ಲೂಸಿಬಾಯಿ. ಟ್ರೇ ಇಟ್ಟು ಒಳಗೆ ಹೋದರು.

ನಾಸಿರ್ ಪೊಲೀಸರಿಗೆ ಹೇಳಲಿಲ್ಲ. ಚಿತ್ರವನ್ನು ಕ್ಲಿನಿಕ್ಕಿಗೆ ಕಳಿಸಿದರು. ಮರುದಿನ ಮ್ಯಾನೇಜರು ಕರೆದು, ರೋಗಿಯನ್ನು ಬೇಕೆಂದೇ ನೋಯಿಸಿದ್ದಕ್ಕೆ ಲಿಖಿತ ಕ್ಷಮಾಪಣೆ ಕೊಡಬೇಕು, ಕೊಟ್ಟರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಖಲಾಸ್ ಎಂದರು. ಗಂಡ, "ಒಂದು ಸಹಿಯ ವಿಷಯ ಮಾರಾಯ್ತಿ, ಹಾಕಿ ಬಿಡು. ಮಗನ ಶಾಲೆ ನೋಡು" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹಾಕಿದೆ. ನನ್ನನ್ನು ಜಹ್ರಾದ ಶಾಖೆಗೆ ಹಾಕಿದರು. ಎರಡು ತಿಂಗಳಲ್ಲಿ ಮಾಮಾ ತೀರಿಕೊಂಡರು. ಸುದ್ದಿ ತಿಳಿದದ್ದು ಬೇರೆಯವರಿಂದ. ಹೋಗಿ ನೋಡುವ ಧೈರ್ಯವಾಗಲಿಲ್ಲ, ಹೋಗಿದ್ದರೆ ಒಳಗೆ ಬಿಡುತ್ತಿದ್ದರೆಂದೂ ಅಲ್ಲ.

ಅಮ್ಮನಿಗೆ ಮಾತ್ರ ಎಲ್ಲವನ್ನೂ ಫೋನಿನಲ್ಲಿ ಹೇಳಿದೆ.  "ಆ ಅಜ್ಜಿ ಯಾರನ್ನು ಕಳಕೊಂಡಿದ್ದಾರೆ?" ಎಂದು ಕೇಳಿದರು.

"ಅಪ್ಪನನ್ನು. ಚಿಕ್ಕವರಿದ್ದಾಗ ಹಿಡಿದುಕೊಂಡು ಹೋದರಂತೆ. ಬರಲೇ ಇಲ್ಲ."

"ಹೆಣ ಸಿಕ್ಕಿತಾ?"

"ಇಲ್ಲ."

"ಹ್ಞೂಂ" ಎಂದರು ಅಮ್ಮ. ಮುಂದೆ ಆ ವಿಷಯ ಎತ್ತಲಿಲ್ಲ, ನನಗೂ ಎತ್ತಲು ಬಿಡಲಿಲ್ಲ. ಕೊರೋನಾದ ಎರಡನೆಯ ವರ್ಷ ಅಮ್ಮನೂ ಹೋದರು. ವಿಮಾನವಿರಲಿಲ್ಲ. ವಿಡಿಯೋದಲ್ಲಿ ನೋಡಿದೆ.

ಕಳೆದ ವರ್ಷ ನನ್ನ ಮಗನ ಇತಿಹಾಸದ ಪುಸ್ತಕದಲ್ಲಿ ಆ ಕಪ್ಪು ಗುರುತಿನ ಕೆಂಪು ಧ್ವಜದ ಚಿತ್ರ ಬಂತು. ಅವನು ಇಲ್ಲೇ ಬೆಳೆದವನು, ಕನ್ನಡ ಅರ್ಥವಾದರೂ ಉತ್ತರ ಇಂಗ್ಲಿಷಿನಲ್ಲೇ. "ಅಮ್ಮಾ, ವೈ ಡಿಡ್ ಅಜ್ಜಿ ಹ್ಯಾವ್ ದಿಸ್ ಅಟ್ ಹೋಮ್?" ಎಂದು ಕೇಳಿದ. ಮಾಮಾನ ಮುಂದೆ ಉದ್ದಕ್ಕೆ ಒಪ್ಪಿಸಿದ್ದ ಪಾಠದಲ್ಲಿ ಒಂದು ವಾಕ್ಯವೂ ನನ್ನ ಬಾಯಿಗೆ ಬರಲಿಲ್ಲ. ಅದು ಬೇರೆ, ಇದು ಬೇರೆ ಎಂದಷ್ಟೇ ಹೇಳಿದೆ. ಅವನು ನನ್ನನ್ನು ನೋಡಿದ ರೀತಿಯಲ್ಲಿ ಅನುಮಾನವಿತ್ತು.

ಅದೇ ಸುಮಾರಿಗೆ ಲೂಸಿಬಾಯಿಯ ಫೋನ್ ಬಂತು. ಕೆಲಸ ಬಿಟ್ಟು ಊರಿಗೆ ಹೊರಟಿದ್ದೇನೆ, ಹೋಗುವ ಮೊದಲು ಒಮ್ಮೆ ನೋಡಬೇಕು ಎಂದರು. ಹೋಗಬಾರದೆಂದುಕೊಂಡೆ, ಆದರೂ ಹೋದೆ. ಒಂದು ಶುಕ್ರವಾರ ಸಾಲ್ಮಿಯಾದ ಚಹಾ ಅಂಗಡಿಯಲ್ಲಿ ಕೂತೆವು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ನಿಮಗೆ ನನ್ನ ಮೇಲೆ ಸಿಟ್ಟು ಉಂಟು. ಇರ್ಲಿ, ಇರಬೇಕಾದ್ದೇ" ಎಂದರು. "ಅವತ್ತು ನಾನು ಸುಳ್ಳು ಹೇಳಿದ್ದು. ನಾನು ಮೊದಲೇ ಬಂದಿದ್ದೆ."

"ಗೊತ್ತು. ಏನು ನೋಡಿದ್ರಿ ಹೇಳಿ. ಈಗ ಹೇಳಿದ್ರೆ ನಿಮಗೆ ಏನೂ ಆಗುದಿಲ್ಲ."

ಅವರು ಚಹಾದ ಲೋಟವನ್ನು ಅಂಗೈಗಳ ನಡುವೆ ಹಿಡಿದು ಕೂತರು. "ನೀವಿಬ್ಬರೂ ಕಣ್ಣು ಮುಚ್ಚಿಕೊಂಡು ಕೂತಿದ್ರಿ. ಪ್ರಾರ್ಥನೆ ಮಾಡುವವರ ಹಾಗೆ. ಅದಕ್ಕೇ ನಾನು ಒಳಗೆ ಬರ್ಲಿಲ್ಲ."

"ನಾನು ಕಣ್ಣು ಮುಚ್ಚಲಿಲ್ಲ ಲೂಸಿಬಾಯಿ. ನಾನು ಅವರ ಬೆರಳನ್ನೇ ನೋಡ್ತಾ ಇದ್ದೆ."

"ಇಲ್ಲ ಡಾಕ್ಟ್ರೇ. ಮುಚ್ಚಿದ್ರಿ. ನಿಮ್ಮ ಕೈ ನಿಮ್ಮ ಮಡಿಲಲ್ಲಿತ್ತು. ಮಾಮಾನ ಎರಡೂ ಕೈ ಅವರ ಮಡಿಲಲ್ಲಿ." ಲೋಟ ಕೆಳಗಿಟ್ಟರು. "ತಟ್ಟೆ ಹತ್ರ ಯಾರ ಕೈಯೂ ಇರ್ಲಿಲ್ಲ. ಅದನ್ನು ನಾನು ಯಾರ ಹತ್ರ ಹೇಳುದು? ಹೇಳಿದ್ರೆ ನನ್ನನ್ನು ಹುಚ್ಚಿ ಅಂತ ಕಳಿಸ್ತಿದ್ರು."

ಅಕ್ಕಿ ಹೇಗೆ ಆಡಿತು ಎಂದು ಕೇಳಿದೆ. ಅವರು ತಲೆಯಾಡಿಸಿದರು. ಎಷ್ಟು ಒತ್ತಾಯಿಸಿದರೂ ಹೇಳಲಿಲ್ಲ. ಹೊರಟಾಗ ನನ್ನ ಕೈ ಹಿಡಿಯಲು ಬಂದರು. ನಾನು ಕೊಡಲಿಲ್ಲ. ಅದಕ್ಕೆ ಈಗ ಬೇಸರವಾಗುತ್ತದೆ.

ಅವರು ಹೇಳಿದ್ದು ನಿಜವೋ, ಅಥವಾ ನನ್ನನ್ನು ಬಿಟ್ಟುಕೊಟ್ಟ ನಾಚಿಕೆಯನ್ನು ಮರೆಯಲು ಇಷ್ಟು ವರ್ಷಗಳಲ್ಲಿ ತಾವೇ ಕಟ್ಟಿಕೊಂಡು ನಂಬಿದ ಕಥೆಯೋ ನನಗೆ ಗೊತ್ತಿಲ್ಲ. ನಾನು ಕಂಡದ್ದು ಮಾಮಾನ ಬೆರಳು. ಮಾಮಾ ಕಂಡದ್ದು ನನ್ನದು, ಅದನ್ನೇ ನಂಬಿಕೊಂಡು ಸತ್ತರು. ಅವರು ಸುಳ್ಳು ಹೇಳುವವರಲ್ಲ. ಐದು ವರ್ಷದವರಿದ್ದಾಗ ಕಂಡದ್ದನ್ನು ಎಂಬತ್ತರಲ್ಲೂ ಒಂದು ಕೂದಲೆಳೆ ತಪ್ಪದೆ ಹೇಳುತ್ತಿದ್ದವರು.

ಈಚೆಗೆ ಕ್ಲಿನಿಕ್ಕಿಗೆ ಹೊಸ ಆಡಳಿತ ಬಂದಿದೆ. ಹಳೆಯ ಶಿಸ್ತುಕ್ರಮಗಳ ಬಗ್ಗೆ ಆಕ್ಷೇಪವಿದ್ದವರು ಬರೆದುಕೊಡಬಹುದು, ಪರಿಶೀಲಿಸಿ ದಾಖಲೆಯಿಂದ ತೆಗೆಯುತ್ತೇವೆ ಎಂದು ಸುತ್ತೋಲೆ ಬಂತು. ಗಂಡನೂ, ಬರೆ, ನಿನ್ನ ಹೆಸರಿಗೆ ಅಂಟಿದ್ದು ಹೋಗಲಿ ಎಂದರು. ಒಂದು ಸಂಜೆ ಕಾಗದ ತೆಗೆದುಕೊಂಡು ಕೂತೆ. ರೋಗಿಯ ಹೆಸರು, ವಿಳಾಸ, ನಡೆದ ದಿನ, ಎಲ್ಲವನ್ನೂ ಬರೆದೆ. ಆಮೇಲೆ, ಅದನ್ನು ನಾನು ಮಾಡಲಿಲ್ಲ ಎಂಬ ವಾಕ್ಯ ಬರಬೇಕಿತ್ತು. ಪೆನ್ನು ಹಿಡಿದ ನನ್ನ ಕೈಯನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದೆ. ಆಕ್ಷೇಪ ಕೊಡಬೇಕಾದ ಕೊನೆಯ ದಿನ ಕಳೆದು ಮೂರು ವಾರವಾಯಿತು, ಆ ವಾಕ್ಯ ಇನ್ನೂ ಬಂದಿಲ್ಲ.